ಉಡಿಯ ತೂಕ

ನಲವತ್ತೆರಡು ಪುಟದ ಫಾರ್ಮು ಅದು. ಎಮ್ಮೆ ದಿನಕ್ಕೆ ಎಷ್ಟು ಸಲ ಬಾಲ ಬೀಸುತ್ತದೆ ಎನ್ನುವುದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅದರಲ್ಲಿತ್ತು. ಹೊಲ ಎಷ್ಟು, ಬೀಜ ಎಷ್ಟು, ಗೊಬ್ಬರ ಎಷ್ಟು, ಆಳು ಎಷ್ಟು, ಟ್ರ್ಯಾಕ್ಟರ್ ಎಷ್ಟು ತಾಸು ಓಡಿತು, ಕಡೆಗೆ ಬೆಳೆ ಎಷ್ಟು ಕ್ವಿಂಟಲ್ ಬಂತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಮುನ್ನೂರಿಪ್ಪತ್ತು ರೈತರ ಮನೆಗೆ ಹೋಗಿ ಅದನ್ನು ತುಂಬಿಸಿಕೊಂಡು ಬರುವ ಕೆಲಸ ನನಗೆ ಸಿಕ್ಕಿತ್ತು. ಗುತ್ತಿಗೆಯ ಕೆಲಸ. ನನ್ನ ಸ್ಕೂಟಿ, ನನ್ನ ಸೊಂಟ, ಅವರ ಟ್ಯಾಬ್ಲೆಟ್ಟು.

ನಾನು ಹೊಲದ ಮಗಳಲ್ಲ. ಬೈಲಹೊಂಗಲದ ಪೇಟೆಯಲ್ಲಿ ದರ್ಜಿಯ ಮಗಳಾಗಿ ಹುಟ್ಟಿದವಳು. ಎಳೆಯ ಜೋಳಕ್ಕೂ ಎಳೆಯ ಗೋವಿನಜೋಳಕ್ಕೂ ಏನು ಫರಕು ಎಂದು ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಆದರೆ ಫಾರ್ಮು ತುಂಬುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಸೊಕ್ಕು ನನಗಿತ್ತು. ಇತ್ತು ಎಂದೇ ಬರೆಯುತ್ತೇನೆ.

ನಾನು ತುಂಬಿದ ಫಾರ್ಮು ಧಾರವಾಡದಲ್ಲಿ ಕೂತ ನಿಜಗುಣಪ್ಪ ಸರ್ ಅವರಿಗೆ ಹೋಗುತ್ತಿತ್ತು. ಈ ಅಧ್ಯಯನದ ಮುಖ್ಯಸ್ಥರು ಅವರು. ಅವರ ಕಂಪ್ಯೂಟರು ಒಬ್ಬೊಬ್ಬ ರೈತನಿಗೂ ಸೊನ್ನೆಯಿಂದ ಒಂದರವರೆಗೆ ಒಂದು ಅಂಕ ಕೊಡುತ್ತಿತ್ತು. ಕಡಿಮೆ ಹಾಕಿ ಹೆಚ್ಚು ಬೆಳೆದವನಿಗೆ ಪೂರ್ತಿ ಒಂದು. ಉಳಿದವರು ಅವನಿಗಿಂತ ಎಷ್ಟು ಹಿಂದೆ ಎಂಬುದರ ಮೇಲೆ ಅವರವರ ಅಂಕ, ಪಾಯಿಂಟ್ ತೊಂಬತ್ತು, ಪಾಯಿಂಟ್ ಅರವತ್ತು ಎಂದು. ಜನ ಪಾಯಿಂಟು ಬಿಟ್ಟು ಬರೀ ತೊಂಬತ್ತು, ಅರವತ್ತು ಎನ್ನುತ್ತಿದ್ದರು.

"ಸರ್, ಕಿತ್ತೂರಿನವರಿಗೆ ಮಳಿ ಐತಿ, ನವಿಲುತೀರ್ಥದ ಕಾಲಿವಿ ಕೆಳಗಿನವ್ರಿಗೆ ನೀರೈತಿ, ರಾಮದುರ್ಗದವ್ರಿಗೆ ಬಿಸಿಲ ಅಷ್ಟ ಐತಿ. ಎಲ್ಲಾರನೂ ಒಂದ ಗೆರಿ ಮ್ಯಾಲೆ ನಿಲ್ಲಿಸಿ ಓಡಸಾಕ ಹತ್ತೀರಲ್ರಿ?" ಎಂದು ಒಮ್ಮೆ ಕೇಳಿದ್ದೆ.

"ಅದನ್ನೆಲ್ಲಾ ಲೆಕ್ಕದಾಗ ಸರಿ ಮಾಡೇವಿ ನೀಲಾ, ನೀ ತಲಿ ಕೆಡಿಸ್ಕೋಬ್ಯಾಡ," ಎಂದಿದ್ದರು ಸರ್. ಪಾಪ, ಒಳ್ಳೆಯ ಮನುಷ್ಯ. ಸಿಟ್ಟು ಮಾಡುವುದಿಲ್ಲ. ತಿಳಿಯುವ ಹಾಗೆ ಹೇಳುವುದೂ ಇಲ್ಲ.

ಸೆಪ್ಟೆಂಬರಿನಲ್ಲಿ ಪ್ರತಿ ರೈತನಿಗೂ ಅವನವನ ಅಂಕ ಬರೆದ ಒಂದೊಂದು ಹಾಳೆ ಹಂಚಬೇಕು ಎಂದರು. ಹಂಚಿದೆ. ದಿನಕ್ಕೆ ನಲವತ್ತು ಮನೆ. ಓದಿ ಹೇಳಲು ಎಲ್ಲಿಯ ಪುರುಸೊತ್ತು? ಕೈಗೆ ಕೊಟ್ಟೆ, ಸಹಿ ಹಾಕಿಸಿಕೊಂಡೆ, ಸ್ಕೂಟಿ ಹತ್ತಿದೆ.

ಅದಾದ ನಾಲ್ಕನೆಯ ದಿನ ಫೋನು ಬಂತು.

"ನೀಲಾ ಅಕ್ಕಾರ ಏನ್ರಿ? ನಾನ್ರಿ, ಕಟಕೋಳದ ಮಾಯವ್ವ. ನನ್ನ ಹಾಳ್ಯಾಗ ಏನ್ ಬರದೀರ್ರಿ ನೀವು?"

ಮಾಯವ್ವ ನೆನಪಾದಳು. ಐವತ್ತರ ಆಚೆಯ ಹೆಂಗಸು. ಮಹಾಂತಪ್ಪ ಸಾಹುಕಾರರ ನಾಲ್ಕು ಎಕರೆಯನ್ನು ಹದಿನೆಂಟು ವರ್ಷದಿಂದ ಪಾಲಿಗೆ ಮಾಡಿಕೊಂಡು ಬಂದವಳು. ಬೆಳೆದದ್ದರಲ್ಲಿ ಅರ್ಧ ಅವರಿಗೆ, ಅರ್ಧ ಇವಳಿಗೆ.

"ನಾನೇನೂ ಬರದಿಲ್ಲ ಮಾಯವ್ವಾ, ಕಂಪ್ಯೂಟರ್ ಬರದೈತಿ. ಯಾಕ?"

"ನನಗ ಓದಾಕ ಬರೂದಿಲ್ಲಲ್ರಿ. ಸರಕಾರದ ಕಾಗದ ಏನ ಬಂದ್ರೂ ಸಾಹುಕಾರ್ರ ಕಡೆ ಒಯ್ದು ಓದಿಸ್ತೇನಿ. ಇದನ್ನೂ ಒಯ್ದೆ. ಓದಿದ್ರು. ಆಮ್ಯಾಲೆ ಸಂಜೂನ ಹಾಳಿ ತರಿಸಿ ನೋಡಿದ್ರು. ಅವಂದು ತೊಂಬತ್ನಾಕ ಅಂತ, ನಂದು ಅರವತ್ತೊಂದ ಅಂತ. ಯುಗಾದಿ ಆದ ಮ್ಯಾಲೆ ನಾಕೂ ಎಕರೆ ಸಂಜೂಗ ಅಂದ್ರು."

ಸಂಜು ಎಂದರೆ ಪಕ್ಕದ ಹೊಲದವನು. ಅವನದೂ ಸಾಹುಕಾರರ ಹೊಲವೇ, ಅವನೂ ಪಾಲುಗಾರನೇ. ಸ್ವಂತ ಟ್ರ್ಯಾಕ್ಟರ್ ಇದೆ, ಸಿಂಪಡಿಸುವ ಯಂತ್ರ ಇದೆ. ಕೆಟ್ಟ ಹುಡುಗನಲ್ಲ.

"ಯಕ್ಕಾ, ನಾ ಏನ್ ತಪ್ಪ ಮಾಡೇನ್ರಿ?" ಎಂದಳು ಮಾಯವ್ವ.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಕಾಗದವನ್ನು ಸೀದಾ ಹೊಲದ ಮಾಲೀಕನ ಕೈಗೇ ಕೊಟ್ಟು ಓದಿಸುವವರುಂಟೆ? ಆದರೆ ನಾನು ಓದಿ ಹೇಳಿದ್ದರೆ ಅವಳೇಕೆ ಅಲ್ಲಿಗೆ ಒಯ್ಯುತ್ತಿದ್ದಳು? ಫೋನು ಇಟ್ಟು ಗಂಡನ ಮೇಲೆ ಹರಿಹಾಯ್ದೆ. ಅವರು ಪೇಪರು ಮಡಚಿ ಹೊರಗೆ ಹೋದರು.

ಮರುದಿನ ಯರಗಟ್ಟಿ ದಾಟಿ ಕಟಕೋಳಕ್ಕೆ ಹೋದೆ. ಮಾಯವ್ವ ಹೊಲದಲ್ಲಿದ್ದಳು. ಗೋವಿನಜೋಳ ನನ್ನ ತಲೆಗಿಂತ ಎತ್ತರ ನಿಂತಿತ್ತು. ಆಚೆ ಸಂಜುವಿನ ಹೊಲ ಸಾಲು ಹೊಡೆದ ನೋಟುಬುಕ್ಕಿನ ಹಾಗೆ ಸ್ವಚ್ಛ, ನೆಲದಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ. ಇವಳ ಹೊಲದಲ್ಲಿ ಎಂಟು ಸಾಲು ಗೋವಿನಜೋಳ ಕಳೆದ ಮೇಲೆ ಒಂದು ಸಾಲು ಏನೇನೋ ಬೆಳೆದು ಕಾಲಿಗೆ ತೊಡರುತ್ತಿತ್ತು.

"ಇಷ್ಟೊಂದು ಕಸಾ ಬಿಟ್ಟರ ಅರವತ್ತೊಂದಲ್ದ ಮತ್ತೇನ್ ಬರತೈತಿ ಮಾಯವ್ವಾ!" ಎಂದು ರೇಗಿದೆ.

ಅವಳು ನಕ್ಕಳು. ಹೊಲ ಹೋಗುವ ಹೊತ್ತಿನಲ್ಲೂ ನಕ್ಕಳು. "ಕಸಾ ಅಲ್ರೀ ಯಕ್ಕಾ, ಅಕ್ಕಡಿ. ಇದು ಅಲಸಂದಿ, ಇದು ಮಡಕಿ, ಅದು ಪುಂಡಿಪಲ್ಲೆ. ಆ ಕಡೆ ಗುರೆಳ್ಳು. ತೊಗರಿ ಇನ್ನಾ ಸಣ್ಣದೈತಿ, ಬನಶಂಕರಿ ಹುಣ್ಣಿವಿ ಹೊತ್ತಿಗೆ ಬರತೈತಿ. ಸೌತಿಬಳ್ಳಿ ತುಳದೀರಿ ನೋಡ್ರಿ, ಕಾಲ ತಗೀರಿ."

ಕಾಲು ತೆಗೆದೆ.

"ಹೋದ ಸಲ ಫಾರ್ಮ್ ತುಂಬೂವಾಗ ಇದನ್ಯಾಕ ಹೇಳಲಿಲ್ಲ?"

"ನೀವು ಬೆಳಿ ಏನು ಅಂದ್ರಿ, ಗೋವಿನಜ್ವಾಳ ಅಂದೆ. ಇದಕ್ಕ ಯಾರರ ಬೆಳಿ ಅಂತಾರೇನ್ರಿ? ಅಕ್ಕಡಿ ಅಕ್ಕಡೀನ."

ಹೋಗಲಿ ಎಂದು ಟ್ಯಾಬ್ಲೆಟ್ಟು ತೆಗೆದು ಬದುವಿನ ಮೇಲೆ ಕೂತೆ. ಹಳೆಯ ಫಾರ್ಮು ತೆರೆದೆ. ಆಳು: ತೊಂಬತ್ತಾರು ದಿನ ಎಂದಿತ್ತು. ನಾಲ್ಕು ಎಕರೆಗೆ! ಸಂಜುವಿನದು ಹನ್ನೊಂದು.

"ಈ ತೊಂಬತ್ತಾರು ಹೆಂಗ ಎಣಿಸಿದಿ?"

"ಹೆಂಗ ಅಂದ್ರ? ಎಷ್ಟ ಮಂದಿಗೆ ರೊಟ್ಟಿ ಕಟ್ಟೇನಿ ಅಷ್ಟ್ರಿ."

ನಾನು ಅವಳ ಮುಖವನ್ನೇ ನೋಡಿದೆ. ಅವಳು ಬಿಡಿಸಿ ಹೇಳಿದಳು. ಕಳೆ ತೆಗೆಯಲು ಕೂಲಿಯವರನ್ನು ಕರೆಯುವುದಿಲ್ಲ, ಮುಯ್ಯಿ. ಇವಳು, ಅದೇ ಊರಿನ ಭಾಗೀರಥಿ, ಇನ್ನೂ ಮೂವರು ಹೆಂಗಸರು ಸೇರಿ ಐವರು ಇವತ್ತು ಇವಳ ಹೊಲಕ್ಕೆ, ನಾಳೆ ಭಾಗೀರಥಿಯ ಹೊಲಕ್ಕೆ, ಹೀಗೆ ಸುತ್ತುತ್ತಾರೆ. ಯಾರ ಹೊಲವೋ ಅವರ ಮನೆಯ ರೊಟ್ಟಿ.

"ಬ್ಯಾರೇದವ್ರ ಹೊಲಕ್ಕ ಹೋದ ದಿನಾನೂ ಹಿಡದೀ ಏನು?"

"ಹಿಡೀಬ್ಯಾಡೇನ್ರಿ? ರೊಟ್ಟಿ ಅವರದಾದ್ರೂ ದಿನಾ ನಂದ ಹೋತಲ್ರಿ. ಅವರು ನನ್ನ ಹೊಲಕ ಬರಲಿ ಅಂತ ಹೋಗೂದು."

"ಅಂದ್ರ ಬಂದದ್ದೂ ಹಿಡದಿ, ಹೋದದ್ದೂ ಹಿಡದಿ."

"ಹೌದ್ರಿ. ಮತ್ತ ಕರೆಂಟಿನವ ಕಂಬಾ ನೋಡಾಕ ಬಂದಿದ್ದ, ಉಂಡು ಹೋದ. ಅವನ್ನೂ ಹಿಡದೇನಿ."

ತಡೆಯಿರಿ, ಇನ್ನೂ ಇದೆ. ಹೋದ ವರ್ಷ ಫಾರ್ಮು ತುಂಬಲು ಬಂದಾಗ ಇದೇ ಬದುವಿನ ಮೇಲೆ ಕೂತು ನಾನೂ ಉಂಡಿದ್ದೆ. ಎರಡು ರೊಟ್ಟಿ, ಗುರೆಳ್ಳ ಹಿಂಡಿ, ಮೊಸರು.

"ನನ್ನ?" ಎಂದೆ.

"ನಿಮ್ಮನ್ನ ಬಿಡಾಕ ಆಕ್ಕೈತೇನ್ರಿ ಯಕ್ಕಾ?"

ಹೀಗೆ ನಾಲ್ಕು ತಾಲೂಕುಗಳ ಕೃಷಿ ದಕ್ಷತೆಯನ್ನು ಅಳೆಯಲು ಹೊರಟ ನಾನು ಮಾಯವ್ವನ ತೊಂಬತ್ತಾರು ಆಳುಗಳಲ್ಲಿ ಒಬ್ಬಳಾಗಿದ್ದೆ. ನನ್ನಿಂದಲೂ ಅವಳ ಅಂಕ ಒಂದು ಕೂದಲೆಳೆಯಷ್ಟು ಇಳಿದಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ದಿನವೂ ರೊಟ್ಟಿ ಕೊಟ್ಟಳು. ಬೇಡ ಎನ್ನಲು ಆಗಲಿಲ್ಲ.

ಅಲ್ಲಿಂದಲೇ ನಿಜಗುಣಪ್ಪ ಸರ್ ಅವರಿಗೆ ಫೋನು ಮಾಡಿ ಕಿರುಚಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ಹಂಗಾರ ಈ ವರ್ಷದ್ದು ಪೂರಾ ಸರಿ ಲೆಕ್ಕ ತೊಗೊಂಡ ಬಾ. ತೂಕ ಮಾಡಿ ತಾ. ಅಂದಾಜು ಬ್ಯಾಡ," ಎಂದರು.

ತೂಕ ಮಾಡುವುದು ಎಂದರೆ ನನಗೆ ಖುಷಿ. ಕೊಕ್ಕೆ ಇರುವ ತೂಗುಮಾಪಕ ತೆಗೆದುಕೊಂಡು ಮುಂದಿನ ವಾರವೇ ಹೋದೆ. ಸಂಜೆ ನಾಲ್ಕರ ಹೊತ್ತು. ಮಾಯವ್ವ ಅಕ್ಕಡಿಯ ಸಾಲಿನಿಂದ ಹೊರಗೆ ಬಂದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಉಡಿ ಮಾಡಿಕೊಂಡಿದ್ದಳು. ಉಡಿಯ ತುಂಬ ಅಲಸಂದಿ ಕಾಯಿ, ಮೇಲೆ ಎರಡು ಸೌತೆಕಾಯಿ.

"ದಿನಾ ಎಷ್ಟು ಬರತೈತಿ?"

"ಒಂದ ಉಡಿ."

"ಒಂದು ಉಡಿ ಅಂದ್ರ ಎಷ್ಟು ಕೆ.ಜಿ.?"

"ಒಂದ ಉಡಿ ಅಂದ್ರ ಒಂದ ಉಡೀರಿ."

"ತಾ ಇಲ್ಲಿ, ತೂಗೂಣು."

ಮಾಯವ್ವ ಹಿಂದೆ ಸರಿದಳು. ಅಷ್ಟು ಹೊತ್ತು ನಗುತ್ತಿದ್ದವಳ ಮುಖ ಗಂಟಿಕ್ಕಿತು. ಎರಡೂ ಕೈಯಿಂದ ಉಡಿಯನ್ನು ಹಿಡಿದುಕೊಂಡಳು. "ಬ್ಯಾಡ್ರಿ. ಉಡ್ಯಾಗಿಂದು ತೂಗಬಾರದ್ರಿ."

"ಯಾಕ?"

"ತೂಗಿದ್ರ ಅದು ರಾಶಿ ಆಕ್ಕೈತಿ."

ರಾಶಿ ಎಂದರೆ ಸುಗ್ಗಿಯಲ್ಲಿ ಕಣದಲ್ಲಿ ಹಾಕುವ ಕಾಳಿನ ಗುಡ್ಡೆ. ಅದು ಉಡಿಯಲ್ಲಿದ್ದ ಅಲಸಂದಿಗೆ ಹೇಗೆ ಸಂಬಂಧ? ದೃಷ್ಟಿ ತಾಗುತ್ತದೆ, ಲಕ್ಷ್ಮಿ ಹೋಗುತ್ತಾಳೆ ಎಂಬಂಥ ಹೆಂಗಸರ ನಂಬಿಕೆ ಇರಬೇಕು ಎಂದುಕೊಂಡೆ. ಇಂಥದ್ದಕ್ಕೆ ನನಗೆ ತಾಳ್ಮೆ ಇಲ್ಲ. ಬೈಲಹೊಂಗಲದಿಂದ ಅಷ್ಟು ದೂರ ನಾನು ಸೊಂಟ ಮುರಿದುಕೊಂಡು ಬಂದದ್ದು ಯಾರಿಗಾಗಿ?

"ನೋಡ ಮಾಯವ್ವಾ," ಎಂದೆ, "ಹೊಲ ಬೇಕೋ ಬ್ಯಾಡೋ? ಬ್ಯಾಡಂದ್ರ ಹೇಳು, ನಾ ಹೊಕ್ಕೇನಿ. ಸಂಜು ಬಂದು ಬಿತ್ತಲಿ."

ಅವಳು ಒಮ್ಮೆ ಸಂಜುವಿನ ಹೊಲದ ಕಡೆ ನೋಡಿದಳು. ಆಮೇಲೆ ಉಡಿಯಲ್ಲಿದ್ದದ್ದನ್ನು ನನ್ನ ಚೀಲಕ್ಕೆ ಸುರಿದಳು. ಎರಡು ಕೆ.ಜಿ. ಮುನ್ನೂರು ಗ್ರಾಂ. ಬರೆದುಕೊಂಡೆ.

ಡಿಸೆಂಬರಿನವರೆಗೂ ಹತ್ತು ಸಲ ಹೋದೆ. ನಾನಿಲ್ಲದ ದಿನ ತೂಕ ಮಾಡಿ ಗೋಡೆಗೆ ಇದ್ದಿಲಿನ ಗೆರೆ ಎಳೆಯಲು ಮಾಯವ್ವನಿಗೇ ಕಲಿಸಿದೆ. ಪುಂಡಿ ಇಷ್ಟು ಸಿವುಡು, ಮಡಕಿ ಇಷ್ಟು ಸೇರು, ಗುರೆಳ್ಳು ಇಷ್ಟು. ಮುಯ್ಯಿಯ ಲೆಕ್ಕವನ್ನೂ ಬಿಡಿಸಿದೆ: ಬಂದದ್ದನ್ನು ಅಷ್ಟೇ ಹಿಡಿಯಬೇಕು, ಹೋದದ್ದನ್ನಲ್ಲ, ಕರೆಂಟಿನವನನ್ನಲ್ಲ, ನನ್ನನ್ನಂತೂ ಅಲ್ಲವೇ ಅಲ್ಲ. ತೊಂಬತ್ತಾರು ಆಳು ನಲವತ್ತೈದಕ್ಕೆ ಇಳಿಯಿತು. ಗೋವಿನಜೋಳ ಕಣಕ್ಕೆ ಬಂತು, ತೂಕವಾಯಿತು, ಸಾಹುಕಾರರ ಅರ್ಧ ಅವರಿಗೆ ಹೋಯಿತು. ತೊಗರಿಯೊಂದು ಮಾತ್ರ ಇನ್ನೂ ಹೊಲದಲ್ಲಿ ನಿಂತಿತ್ತು. ಅದನ್ನು ಬಿಟ್ಟೇ ಲೆಕ್ಕ ಕಳಿಸಿದೆ.

ಮೂರು ದಿನಕ್ಕೆ ಸರ್ ಫೋನು ಮಾಡಿದರು. ಅವರ ದನಿಯಲ್ಲಿ ಅಷ್ಟು ಉಮೇದನ್ನು ನಾನು ಕೇಳಿಯೇ ಇರಲಿಲ್ಲ. "ನೀಲಾ, ಒಂದು! ಪೂರಾ ಒಂದು! ರಾಮದುರ್ಗದ ಎಂಬತ್ತು ಮಂದ್ಯಾಗ ಈಕಿಗಿಂತಾ ಮುಂದ ಯಾರೂ ಇಲ್ಲ!"

ನಾನು ಪೇಟೆಯ ನಡುವೆ ಸ್ಕೂಟಿ ನಿಲ್ಲಿಸಿ ಒಬ್ಬಳೇ ನಕ್ಕೆ. ಕಣ್ಣಲ್ಲಿ ನೀರೂ ಬಂತು, ಸುಳ್ಳೇಕೆ ಹೇಳಲಿ.

ಮಹಾಂತಪ್ಪ ಸಾಹುಕಾರರದು ಊರ ನಡುವಿನ ಕಿರಾಣಿ ಅಂಗಡಿ. ಹಿಂದೆಯೇ ಮನೆ. ಹಣೆಗೆ ಮೂರು ಬೆರಳು ವಿಭೂತಿ, ಮೂಗಿನ ತುದಿಯಲ್ಲಿ ಚಾಳೀಸು. ಮಾಯವ್ವನನ್ನು ಕರೆದುಕೊಂಡು ಹೋದೆ. ಅವಳು ಬಾಗಿಲ ಬಳಿ ನಿಂತಳು, ನಾನು ಬಾಕಿನ ಮೇಲೆ ಕೂತೆ. ಸಾಹುಕಾರರ ಸೊಸೆ ಶಿವಾನಿ ಚಹಾ ತಂದಿಟ್ಟಳು.

ನಾನು ಹಾಳೆ ಹಿಡಿದು ಒಂದೊಂದನ್ನೂ ಓದಿದೆ. ಗೋವಿನಜೋಳ ಇಷ್ಟು. ಅಲಸಂದಿ ಇಷ್ಟು. ಮಡಕಿ, ಗುರೆಳ್ಳು, ಪುಂಡಿ, ಸೌತೆ ಇಷ್ಟಿಷ್ಟು. ಒಟ್ಟು ಅಂಕ ಒಂದು. "ಸಂಜೂಂದು ತೊಂಬತ್ನಾಕ," ಎಂದು ಕೊನೆಗೆ ಬೇಕೆಂದೇ ಸೇರಿಸಿದೆ.

ಸಾಹುಕಾರರು ಅನ್ಯಾಯದ ಮನುಷ್ಯರಲ್ಲ. ಹಾಗೆ ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ತಲೆಯಾಡಿಸಿದರು. "ನಾ ಆಡಿದ ಮಾತು ಆಡಿದ್ದ. ಯಾರ ಕೈಯಾಗ ಹೊಲಾ ಚಲೋ ದುಡೀತೈತಿ ಅವರ ಕೈಯಾಗ ಇರಲಿ. ಮಾಯವ್ವಾ, ಹೊಲಾ ನಿಂದ. ಮುಂದಿನ ವರ್ಷನೂ ನೀನ ಮಾಡು."

ಮಾಯವ್ವ ಕೈ ಮುಗಿದಳು. ನಾನು ಚಹಾ ಕುಡಿದೆ. ಅಷ್ಟಕ್ಕೇ ಎದ್ದು ಬಂದಿದ್ದರೆ ಆಗುತ್ತಿತ್ತು. ಆದರೆ ಹಾಳೆ ಅವರ ಕೈಯಲ್ಲಿತ್ತು.

ಅವರು ಚಾಳೀಸು ಸರಿಮಾಡಿಕೊಂಡು ಬೆರಳಿಟ್ಟು ಮತ್ತೊಮ್ಮೆ ಓದಿದರು. ಮೇಲಿನಿಂದ ಕೆಳಗೆ. "ಅಲಾ! ಇಷ್ಟೆಲ್ಲಾ ಬರತೈತೇನು ನಮ್ಮ ಹೊಲದಾಗ?" ಎಂದು ಅಚ್ಚರಿಪಟ್ಟರು. ನಿಜವಾದ ಅಚ್ಚರಿ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಅಕ್ಕಾರ, ಗೋವಿನಜ್ವಾಳದಾಗ ಅರ್ಧ ಬಂದೈತಿ. ಇದರಾಗ ನನ್ನ ಪಾಲು ಯಾವ್ದ್ರಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಮಾಯವ್ವನಿಗೆ ಆಯಿತು. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಅದು ಅಕ್ಕಡೀರಿ ಸಾಹುಕಾರ್ರ," ಎಂದಳು ಮೆಲ್ಲಗೆ. "ಅಕ್ಕಡಿ ಹೆಣ್ಮಕ್ಕಳದು. ನಿಮ್ಮವ್ವಾರು ಇದ್ದಾಗಿಂದನೂ ಹಂಗ ಐತಿ. ಅವರೂ ತಮ್ಮ ಹೊಲದಾಗ ಹಂಗ ಮಾಡ್ತಿದ್ರು."

"ಖರೆ, ನಮ್ಮವ್ವ ಮಾಡ್ತಿದ್ಲು. ಎಲ್ಲೋ ಒಂದ ಹಿಡಿ ಪಲ್ಲೆ, ನಾಕ ಕಾಯಿ ಅಂತ ನಾನೂ ತಿಳಕೊಂಡಿದ್ದೆ. ಇಲ್ಲಿ ನೋಡಿದ್ರ ಗೋವಿನಜ್ವಾಳದ ಮೂರರಾಗಿನ ಒಂದ ಪಾಲಿನಷ್ಟ ಐತಲ್ಲ ಬೆಲಿ. ಸಂಜು ಬೆಳದದ್ದರಾಗ ಅರ್ಧ ಕೊಡ್ತಾನ. ಅವಗೊಂದು ನಿನಗೊಂದು ಮಾಡಾಕ ಆಕ್ಕೈತೇನು?"

ನಾನು ಎದ್ದು ನಿಂತೆ. "ಸಾಹುಕಾರ್ರ, ಹದಿನೆಂಟು ವರ್ಷ ಕೇಳಿಲ್ಲ, ಈಗ್ಯಾಕ ಕೇಳ್ತೀರಿ? ಇದೇನ್ ನ್ಯಾಯಾನ್ರಿ?"

ಅವರು ಸಿಟ್ಟಾಗಲಿಲ್ಲ. "ಅಕ್ಕಾರ, ಅಕ್ಕಡಿ ಬೆಳಿ ಅಲ್ಲ ಅಂದ್ರ ಆಕಿ ಅಂಕಾ ಅರವತ್ತೊಂದು. ಬೆಳಿ ಅಂದ್ರ ಒಂದು. ಬೆಳಿ ಅಂತ ತೂಗಿ, ಬರದು, ಇಲ್ಲಿ ತನಕಾ ತಂದವ್ರು ನೀವ. ನೀವ ಹೇಳ್ರಿ, ಬೆಳಿ ಹೌದೋ ಅಲ್ಲೋ?"

ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದೆ. ಜಗಳವನ್ನು ಅರ್ಧಕ್ಕೇ ಬಿಟ್ಟದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಅವಳ ಆಳಿನ ಲೆಕ್ಕ ಸರಿಮಾಡಿದ್ದರಿಂದಲೂ ಅಂಕ ಏರಿದೆ ಎಂದು ಹೇಳಬಹುದಿತ್ತು. ಅದು ದಾರಿಯಲ್ಲಿ ಯರಗಟ್ಟಿ ದಾಟಿದ ಮೇಲೆ ಹೊಳೆಯಿತು. ಆದರೆ ಅಷ್ಟರಿಂದಲೇ ಅದು ಸಂಜುವಿನ ತೊಂಬತ್ತನಾಲ್ಕನ್ನು ದಾಟುತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹೊರಗೆ ಬಂದ ಮೇಲೆ ಮಾಯವ್ವ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ತಿರುಗಿ ಬಯ್ಯಬಹುದಿತ್ತು. "ತೂಗಿದ್ರ ರಾಶಿ ಆಕ್ಕೈತಿ ಅಂದಿದ್ನಲ್ರಿ ಯಕ್ಕಾ. ರಾಶಿ ಅಂದ ಮ್ಯಾಲೆ ಪಾಲು ಇರತೈತಿ," ಎಂದಳು ಅಷ್ಟೇ. ಆಗ ನನಗೆ ತಿಳಿಯಿತು. ದೃಷ್ಟಿಯೂ ಅಲ್ಲ, ಲಕ್ಷ್ಮಿಯೂ ಅಲ್ಲ. ಅವಳು ಸೆಪ್ಟೆಂಬರಿನಲ್ಲೇ ನನಗೆ ಲೆಕ್ಕವನ್ನೇ ಹೇಳಿದ್ದಳು.

ಆದರೂ ಹೊಲ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸುಮ್ಮನಿರಲಾಗದೆ ನಿಜಗುಣಪ್ಪ ಸರ್ ಜೊತೆ ಹದಿನೈದು ದಿನ ಜಗಳಾಡಿ ಹೊಸ ಫಾರ್ಮಿನಲ್ಲಿ ಅಕ್ಕಡಿಗೆಂದು ಒಂದು ಪ್ರತ್ಯೇಕ ಕಾಲಂ ಹಾಕಿಸಿದೆ. ನಲವತ್ತಮೂರನೆಯ ಪುಟ. ಬೇರೆ ರೈತರದಾದರೂ ಸರಿಯಾಗಿ ದಾಖಲಾಗಲಿ ಎಂದು. ಅದು ಒಳ್ಳೆಯ ಕೆಲಸವೆಂದೇ ಆಗ ಅನ್ನಿಸಿತ್ತು.

ಮರುವರ್ಷದ ಸುತ್ತು ಶುರುವಾಯಿತು. ಕಿತ್ತೂರಿನ ಕಡೆ ಸೋಯಾ, ಕಬ್ಬು. ಅಕ್ಕಡಿ ಇದೆಯೇ? ಇಲ್ಲ. ಬೈಲಹೊಂಗಲದಲ್ಲಿ ಇಲ್ಲ. ಸವದತ್ತಿಯಲ್ಲಿ ಒಬ್ಬಳು ಮುದುಕಿ ಕೈಯಲ್ಲಿ ಅವರೆಕಾಯಿ ಸುಲಿಯುತ್ತಲೇ ಇಲ್ಲ ಎಂದಳು. ಸಿಪ್ಪೆ ನನ್ನ ಕಾಲ ಬಳಿ ಬೀಳುತ್ತಿತ್ತು. ನಿಜವಾಗಿ ಬಿತ್ತುವುದನ್ನು ಬಿಟ್ಟಿದ್ದಾರೋ, ಬರೆದರೆ ಪಾಲು ಕೇಳುವರೆಂದು ಬಿತ್ತಿಯೂ ಹೇಳುತ್ತಿಲ್ಲವೋ? ಸರ್ ಅವರನ್ನು ಕೇಳಿದರೆ, "ಹೇಳಿದ್ದನ್ನ ಬರಿ ನೀಲಾ," ಎಂದರು. ಕಾಲಂ ತುಂಬ ಇಲ್ಲ, ಇಲ್ಲ, ಇಲ್ಲ ಎಂದು ಬರೆದೆ.

ಕಟಕೋಳಕ್ಕೆ ಹೋದದ್ದು ಅಕ್ಟೋಬರಿನಲ್ಲಿ. ಹೊಲ ಹತ್ತಿರವಾದಾಗ ದಾರಿ ತಪ್ಪಿದೆ ಎಂದುಕೊಂಡೆ. ಎರಡೂ ಹೊಲಗಳು ಒಂದೇ ಥರ ಇದ್ದವು. ಯಾವುದು ಸಂಜುವಿನದು, ಯಾವುದು ಮಾಯವ್ವನದು ಎಂದು ತಿಳಿಯಲಿಲ್ಲ. ಬದುವಿನ ಮೇಲೆ ಮಾಯವ್ವ ಕೂತಿದ್ದಳು, ಅದರಿಂದ ಗೊತ್ತಾಯಿತು. ಒಬ್ಬಳೇ ಕೂತಿದ್ದಳು.

"ಬರ್ರಿ ಯಕ್ಕಾ. ಕುಂದರ್ರಿ. ಈಗ ಎಲ್ಲಿ ಕಾಲಿಟ್ಟರೂ ನಡೀತೈತಿ."

"ಅಕ್ಕಡಿ?"

"ಬಿತ್ತಲಿಲ್ರಿ."

ಕೇಳಿದ್ದಕ್ಕೆ ಹೇಳಿದಳು. ಹೋದ ಚಳಿಗಾಲದಲ್ಲಿ ತೊಗರಿ ಬಂದಾಗ ದಿನಾ ಸಂಜೆ ಉಡಿಯಲ್ಲಿದ್ದದ್ದರಲ್ಲಿ ಅರ್ಧ ಸಾಹುಕಾರರ ಮನೆಗೆ ಒಯ್ದಳಂತೆ. ಹಿಂದಿನ ಬಾಗಿಲಲ್ಲಿ ಶಿವಾನಿ ಬುಟ್ಟಿ ಹಿಡಿದು ನಿಲ್ಲುತ್ತಿದ್ದಳು. "ಆ ಕೂಸಿಗೆ ತಗೊಳಾಕ ನಾಚಿಕಿ, ಬ್ಯಾಡ ಅನ್ನಾಕ ಮಾವನ ಅಂಜಿಕಿ. ನನ್ನ ಮಾರಿ ನೋಡ್ತಿದ್ದಿಲ್ಲ. ಇಬ್ಬರೂ ಕಾಯಿ ಎಣಿಸ್ತಿದ್ವಿರಿ, ನಿನಗೊಂದು ನನಗೊಂದು ಅಂತ, ಹುಡುಗೂರು ಗಜಗಾ ಆಡಿಧಂಗ. ಹದಿನೈದ ದಿನಾ ಮಾಡಿದೆ. ಆಮ್ಯಾಲೆ ಸಾಕಾತು. ಉಡ್ಯಾಗ ಹಾಕ್ಕೊಂಡದ್ದನ್ನ ಎಣಿಸೂದಂದ್ರ ಹೆಂಗೋ ಅನಸ್ತಿತ್ರಿ."

ಮುಂಗಾರಿಗೆ ಸಾಹುಕಾರರೇ ಕಳೆನಾಶಕದ ಡಬ್ಬಿ ತಂದುಕೊಟ್ಟರು. ಅಕ್ಕಡಿ ಇಲ್ಲದ ಮೇಲೆ ಹೊಡೆಯಲು ಅಡ್ಡಿ ಏನು? ಸಂಜು ತನ್ನ ಯಂತ್ರದಲ್ಲಿ ಅರ್ಧ ದಿನದಲ್ಲಿ ಹೊಡೆದುಕೊಟ್ಟ. ಕಳೆ ಹುಟ್ಟಲಿಲ್ಲ. ಮುಯ್ಯಿ ಬೇಕಾಗಲಿಲ್ಲ.

"ಭಾಗೀರಥಿ?"

"ಅಕಿ ಹೊಲಕ್ಕ ನಾ ಹೋಗ್ತಿದ್ದೆ. ಹೋದ್ರ ಅಕಿಗೆ ತಿರುಗಿ ಬಂದು ಮುಯ್ಯಿ ತೀರಸಾಕ ನನ್ನ ಕಡೆ ಕೆಲಸಾನ ಇಲ್ಲಲ್ರಿ. ಎಷ್ಟ ದಿನಾ ಬಿಟ್ಟಿ ಮಾಡಿಸ್ಕೋಲಿ ಅಂತ ಅಕೀನ ಬರಬ್ಯಾಡ ಅಂದ್ಲು. ಅಕೀನೂ ಕಳಿ ಸಾಯೂ ಎಣ್ಣಿ ಹೊಡಿಸಿದ್ಲು."

ನಾನು ಟ್ಯಾಬ್ಲೆಟ್ಟು ತೆಗೆದೆ. ಮತ್ತೇನು ಮಾಡಲಿ? ಹೊಲ ನಾಲ್ಕು ಎಕರೆ. ಟ್ರ್ಯಾಕ್ಟರ್ ಆರು ತಾಸು. ಆಳು ಎಷ್ಟು ಎಂದೆ.

"ಹತ್ತ್ರಿ."

"ನನ್ನ ಹಿಡದಿ ಏನು?" ಎಂದು ನಗಿಸಲು ನೋಡಿದೆ.

"ಇಲ್ರಿ. ಈಗ ಹಂಗ ಹಿಡಿಯೂದಿಲ್ಲ. ನೀವ ಕಲಿಸೀರಲ್ಲ."

ನಲವತ್ತಮೂರನೆಯ ಪುಟ ಬಂತು. ನಾನೇ ಜಗಳಾಡಿ ಹಾಕಿಸಿದ್ದ ಪುಟ. ಅಕ್ಕಡಿ: ಇಲ್ಲ. ತಪ್ಪು ಒತ್ತಿದೆ, ಅಳಿಸಿ ಮತ್ತೆ ಒತ್ತಿದೆ.

ಈ ವರ್ಷದಿಂದ ಅಂಕ ಬರಲು ಧಾರವಾಡದ ದಾರಿ ಕಾಯಬೇಕಾಗಿಲ್ಲ. ಫಾರ್ಮು ಮುಗಿದ ಕೂಡಲೇ ಟ್ಯಾಬ್ಲೆಟ್ಟಿನಲ್ಲೇ ಬರುತ್ತದೆ. ನಿಂತ ಬೆಳೆಯ ಅಂದಾಜು ಹಾಕಿ ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ಕಡಿಮೆ ಬರಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಐವತ್ತು ಬರಲಿ, ನಲವತ್ತು ಬರಲಿ. ಬಂದರೆ ಅದನ್ನೇ ಹಿಡಿದು ಸಾಹುಕಾರರ ಅಂಗಡಿಗೆ ಹೋಗುತ್ತೇನೆ, ಸರ್ ಮೇಜಿನ ಮೇಲೆ ಕುಟ್ಟುತ್ತೇನೆ ಎಂದುಕೊಂಡೆ.

"ಎಷ್ಟ ಬಂತ್ರಿ?" ಎಂದಳು ಮಾಯವ್ವ.

"ಒಂದು."

"ಹೋದ ವರ್ಷ?"

"ಹೋದ ವರ್ಷನೂ ಒಂದು." ಅಕ್ಕಡಿ ಹೋದಷ್ಟಕ್ಕೆ ಆಳೂ ಇಳಿದಿತ್ತು, ಕಂಪ್ಯೂಟರಿಗೆ ಎರಡೂ ಸಮ.

ಅವಳು ಬುತ್ತಿ ಬಿಚ್ಚಿದಳು. ರೊಟ್ಟಿಯ ಮೇಲೆ ತೊಗರಿಬೇಳೆಯ ಪಲ್ಯ. ಬೇಳೆ ಸಾಹುಕಾರರ ಅಂಗಡಿಯದು, ಪೊಟ್ಟಣದ ದಾರ ಇನ್ನೂ ಬುತ್ತಿಯ ಗಂಟಿಗೆ ಕಟ್ಟಿತ್ತು. ಎರಡು ರೊಟ್ಟಿ ನನ್ನ ಕೈಗೆ ಕೊಟ್ಟಳು. ಖಾಲಿ ಸೆರಗನ್ನು ಮಂಡಿಯ ಮೇಲೆ ಎಳೆದುಕೊಂಡಳು.

"ಹಂಗಾರ ನಂದೇನೂ ಹೋಗಿಲ್ಲಲ್ರಿ ಯಕ್ಕಾ?"

ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೇ ಕೇಳಿದಳು. ಓದು ಬಲ್ಲವಳು ನಾನು, ಪರದೆ ನನ್ನ ಕೈಯಲ್ಲಿತ್ತು, ಅದರಲ್ಲಿ ನೋಡಿ ಹೇಳಲಿ ಎಂದು ಕಾದಳು. ನಾನು ನೋಡಿದೆ. ಮೇಲಿನಿಂದ ಕೆಳಗೆ, ನಲವತ್ತಮೂರು ಪುಟವನ್ನೂ ನೋಡಿದೆ. ರೊಟ್ಟಿ ಕೈಯಲ್ಲೇ ಆರುತ್ತಿತ್ತು, ಮಾಯವ್ವ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು.